ಮೊದಲು ನೀರು, ಆಮೇಲೆ ಪಹಣಿ: ಹಾಸನದ ಅಂಚಿನಲ್ಲಿ ಒಂದು ರಸ್ತೆಗೆ ಜಾಡು ಹಿಡಿದದ್ದು

ಹಾಸನದಲ್ಲಿ ಹೊಸ ರಸ್ತೆಯ ಮಾತು ಬಂತೆಂದರೆ ಯಾರಾದರೊಬ್ಬರು ಮೊಬೈಲಿನಲ್ಲಿ ನಕ್ಷೆ ತೆರೆದು, ಎರಡು ತುದಿಗೆ ಬೆರಳಿಟ್ಟು, 'ಇಲ್ಲಿಂದ ಇಲ್ಲಿಗೆ ನೇರ ಎಳೆದರೆ ಮುಗೀತಲ್ಲ' ಅನ್ನುತ್ತಾರೆ. ಆ ನೇರ ಗೆರೆ ಒಂದು ಕೆರೆಯ ಹಿನ್ನೀರು, ಇನ್ನೊಂದರ ಅಚ್ಚುಕಟ್ಟು, ರೈಲು ಹಳಿ, ಒಂದೆರಡು ಲೇಔಟು, ಜೊತೆಗೊಂದು ಸ್ಮಶಾನ ದಾಟಿ ಹೋಗಿರುತ್ತದೆ. ಮೊಬೈಲಿನಲ್ಲಿ ಅವೆಲ್ಲ ಬರೀ ಹಸಿರು.

ಊರಿಗೆ ಬರುವ ದಾರಿಗಳನ್ನು ನೋಡಿ: ಬೆಂಗಳೂರು–ಮಂಗಳೂರು ಹೆದ್ದಾರಿ 75, ಬಿಳಿಕೆರೆಯಿಂದ ಹೊಳೆನರಸೀಪುರದ ಮೇಲೆ ಬಂದು ಬೇಲೂರಿಗೆ ಹೋಗುವ 373, ಅರಸೀಕೆರೆ ರಸ್ತೆ, ಸಾಲಗಾಮೆ ರಸ್ತೆ, ಗೊರೂರು ರಸ್ತೆ. ಎಲ್ಲವೂ ನಡುವಿಗೇ ಬಂದು ಸೇರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದ ಲಾರಿಗೂ ಪೇಟೆಯ ಸರ್ಕಲ್ಲುಗಳ ಸಹವಾಸ ತಪ್ಪುವುದು ಕಷ್ಟ. ಹೊರವಲಯದಲ್ಲಿ ಇಂಥ ಎರಡು ರಸ್ತೆಗಳನ್ನು ಕೂಡಿಸುವ, ಸುಮಾರು ಆರು ಕಿಲೋಮೀಟರಿನ ಸಂಪರ್ಕ ರಸ್ತೆಗೆ ಜಾಡು ಹಿಡಿದ, ಅಂದರೆ ಅದು ಯಾವ ಗೆರೆಯಲ್ಲಿ ಹೋಗಬೇಕೆಂದು ಗೊತ್ತುಮಾಡಿದ ಬಗೆ ಇದು. ಯಾವ ದಿಕ್ಕು, ಯಾವ ಸರ್ವೆ ನಂಬರು ಎಂದು ಇಲ್ಲಿ ಬರೆದಿಲ್ಲ. ಜಾಡಿನ ಸುದ್ದಿ ಹೊರಬಿದ್ದ ವಾರದಲ್ಲೇ ಜಮೀನಿನ ಅಗ್ರಿಮೆಂಟುಗಳು ಶುರುವಾಗುತ್ತವೆ.

ರಸ್ತೆ ನಿಜಕ್ಕೂ ಬೇಕೇ

ಗೆರೆ ಎಳೆಯುವ ಮೊದಲು ಎಣಿಕೆ. ಏಳು ದಿನ, ಹಗಲು ರಾತ್ರಿ, ವಾಹನದ ಬಗೆವಾರು ಲೆಕ್ಕ. ಸರ್ಕಲ್ಲುಗಳಲ್ಲಿ ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆ ಹೊತ್ತಿನಲ್ಲಿ ಯಾರು ಎತ್ತ ತಿರುಗುತ್ತಾರೆ ಎಂಬ ಲೆಕ್ಕ ಬೇರೆ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಎಣಿಸಿದರೆ ಅದು ಜಾತ್ರೆಯ ಲೆಕ್ಕವಾಗುತ್ತದೆ, ಊರಿನದಲ್ಲ. ಎಣಿಕೆಗಿಂತ ಮುಖ್ಯವಾದದ್ದು ಬಂದ ವಾಹನ ಎಲ್ಲಿಗೆ ಹೋಗುತ್ತದೆ ಎಂಬುದು. ಊರಿನ ಎರಡು ಬದಿಯಲ್ಲೂ ನಂಬರ್ ಪ್ಲೇಟ್ ಬರೆದುಕೊಂಡು ತಾಳೆ ನೋಡಿದರೆ ಎಷ್ಟು ಗಾಡಿ ಬರೀ ಹಾದುಹೋಗುತ್ತವೆ, ಎಷ್ಟು ಬಸ್ ನಿಲ್ದಾಣ, ಆಸ್ಪತ್ರೆ, ಎಪಿಎಂಸಿ ಅಂತ ಒಳಗೇ ಉಳಿಯುತ್ತವೆ ಎಂದು ತಿಳಿಯುತ್ತದೆ. ಬಹುಪಾಲು ಒಳಗೇ ಉಳಿಯುವುದಾದರೆ ಹೊರಗಿನ ರಸ್ತೆ ಪೇಟೆಯ ದಟ್ಟಣೆಯನ್ನು ಇಳಿಸುವುದಿಲ್ಲ. ಆಗ ಸರ್ಕಲ್ ಸುಧಾರಣೆಯೇ ಸರಿಯಾದ ಕೆಲಸ. ಅದಕ್ಕೇ ಹೋಲಿಕೆಯ ಪಟ್ಟಿಯಲ್ಲಿ 'ಹೊಸ ರಸ್ತೆ ಬೇಡ, ಇರುವುದನ್ನೇ ಸರಿಮಾಡು' ಎಂಬುದಕ್ಕೂ ಒಂದು ಸಾಲು ಇರಬೇಕು. ಬಹಳ ವರದಿಗಳಲ್ಲಿ ಆ ಸಾಲು ಇರುವುದೇ ಇಲ್ಲ.

ಎಣಿಸಿದ್ದನ್ನು ಕಾರಿನ ಅಳತೆಗೆ ತರಬೇಕು, ಅಂದರೆ ಒಂದೊಂದು ಗಾಡಿ ಎಷ್ಟು ಕಾರಿಗೆ ಸಮ ಎಂದು. ನಗರ ರಸ್ತೆಗಳ ಸಾಮರ್ಥ್ಯಕ್ಕಿರುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 106ನೇ ಸಂಹಿತೆಯಲ್ಲಿ ಕಾರಿಗೆ 1, ಬಸ್ಸು ಲಾರಿಗೆ 2.2ರಿಂದ 3.7, ಟ್ರ್ಯಾಕ್ಟರ್–ಟ್ರೈಲರಿಗೆ 4ರಿಂದ 5. ಆಲೂಗಡ್ಡೆ ಕೀಳುವ ಕಾಲದಲ್ಲಿ ಹಾಸನದ ರಸ್ತೆಗಳಲ್ಲಿ ಈ ಕೊನೆಯ ಅಂಕಿಯ ಭಾರ ಗೊತ್ತಾಗುತ್ತದೆ. ಎರಡು ಪಥದ ಉಪ-ಮುಖ್ಯ ರಸ್ತೆಗೆ ಎರಡೂ ದಿಕ್ಕು ಸೇರಿ ಗಂಟೆಗೆ 1,200 ಕಾರಿನಷ್ಟು ಸಂಚಾರ ಎಂಬುದು ಮಿತಿ. ಅದನ್ನು ಮೀರುವಂತಿದ್ದರೆ ನಾಲ್ಕು ಪಥ, ಅದಕ್ಕೆ 30 ಮೀಟರ್ ಅಗಲದ ಜಾಗ: ಏಳೇಳು ಮೀಟರಿನ ಎರಡು ಕಡೆಯ ಡಾಂಬರು, ನಡುವೆ ಎರಡು ಮೀಟರ್ ಮೀಡಿಯನ್, ಎರಡೂ ಬದಿ ಎರಡೆರಡು ಮೀಟರ್ ಸೈಕಲ್ ಪಥ, ಎರಡೂವರೆ ಮೀಟರ್ ಫುಟ್‌ಪಾತ್ (ಚರಂಡಿ ಅದರ ಅಡಿಗೆ), ಕೇಬಲ್ ಮತ್ತು ನೀರಿನ ಪೈಪಿಗೆ ಎರಡೂವರೆ ಮೀಟರ್. ಕೇಬಲ್ಲಿಗೆ ಜಾಗ ಬಿಡದೆ ಕಟ್ಟಿದ ರಸ್ತೆಯನ್ನು ಮೊದಲ ವರ್ಷವೇ ಅಗೆಯುತ್ತಾರೆ.

30 ಮೀಟರ್ ಅಗಲವೆಂದರೆ ಒಂದು ಕಿಲೋಮೀಟರಿಗೆ 3 ಹೆಕ್ಟೇರ್, ಅಂದರೆ 7 ಎಕರೆ ಹದಿನಾರೂವರೆ ಗುಂಟೆ. ಈ ಅಂಕಿ ತಲೆಯಲ್ಲಿರಲಿ, ಮುಂದೆ ಬೇಕಾಗುತ್ತದೆ.

ಕಾಗದದ ಮೇಲೆ

ವೇಗ ಗಂಟೆಗೆ 60 ಕಿ.ಮೀ. ಎಂದು ಹಿಡಿದರೆ ಉಳಿದದ್ದು ತಾನಾಗೇ ಬರುತ್ತದೆ. ತಿರುವಿನ ತ್ರಿಜ್ಯಕ್ಕೆ ವೇಗದ ವರ್ಗವನ್ನು 127ರಿಂದಲೂ, ಹೊರ ಅಂಚಿನ ಏರು ಮತ್ತು ಘರ್ಷಣೆಯ ಮೊತ್ತದಿಂದಲೂ ಭಾಗಿಸಬೇಕು. ಪೇಟೆಯಲ್ಲಿ ಏರು 0.04, ಘರ್ಷಣೆ 0.15, ಉತ್ತರ 149, ಅಂದರೆ 150 ಮೀಟರಿಗಿಂತ ಬಿಗಿಯಾದ ತಿರುವು ಬೇಡ. ಬ್ರೇಕ್ ಹಾಕಿ ನಿಲ್ಲಲು 80 ಮೀಟರ್ ಮುಂದಿನದು ಕಾಣಬೇಕು. ಏರಿಳಿತ ನೂರಕ್ಕೆ ನಾಲ್ಕು ಮೀರಬಾರದು, ಸೈಕಲ್ಲು ತಳ್ಳುಗಾಡಿ ಹೆಚ್ಚಿದ್ದರೆ ಎರಡು. ಪೂರ್ತಿ ಮಟ್ಟಸವೂ ಇರಬಾರದು. ಕರ್ಬ್ ಕಲ್ಲಿನ ರಸ್ತೆಯಲ್ಲಿ ನೂರಕ್ಕೆ ಅರ್ಧದಷ್ಟಾದರೂ ಇಳಿಜಾರಿಲ್ಲದಿದ್ದರೆ ನೀರು ಅಲ್ಲೇ ಕೂರುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರ. ನೂರಕ್ಕೆ ನಾಲ್ಕರಂತೆ 20 ಮೀಟರ್ ಏರಲು 500 ಮೀಟರ್ ಓಡಬೇಕು, ಅದು ನಕ್ಷೆಯ ಮೇಲೆ 1 ಸೆಂಟಿಮೀಟರ್. ಡಿವೈಡರನ್ನು (ಎರಡು ಮುಳ್ಳಿನ ಕೈವಾರ) ಒಂದು ಸೆಂಟಿಮೀಟರಿಗೆ ತೆರೆದು ಒಂದು ರೇಖೆಯಿಂದ ಮುಂದಿನದಕ್ಕೆ ಹೆಜ್ಜೆ ಹಾಕಿಸುತ್ತ ಹೋದರೆ ಎಲ್ಲಿ ಏರಲು ಸಾಧ್ಯ, ಎಲ್ಲಿ ಸುತ್ತಬೇಕು ಎಂದು ಅರ್ಧ ಗಂಟೆಯಲ್ಲಿ ಕಾಣುತ್ತದೆ. ಇದನ್ನೇ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಉಪಗ್ರಹದ ಎತ್ತರದ ಮಾಹಿತಿ ಹಾಕಿಯೂ ಮಾಡಬಹುದು, ಮಾಡಿಯೂ ಮಾಡುತ್ತೇವೆ. ಆದರೆ 30 ಮೀಟರ್ ಚೌಕದ ಆ ಮಾಹಿತಿಯಲ್ಲಿ ಎತ್ತರ ಕೆಲವು ಮೀಟರುಗಳಷ್ಟು ಹೆಚ್ಚುಕಡಿಮೆ ಇರುತ್ತದೆ, ಮರದ ತುದಿಯನ್ನೂ ನೆಲವೆಂದು ಹಿಡಿದಿರುತ್ತದೆ. ದಟ್ಟ ನೀಲಗಿರಿ ತೋಪು ಒಂದು ಸಣ್ಣ ಗುಡ್ಡವಾಗಿ ಕಾಣುತ್ತದೆ. ಯಾವ ಗೆರೆ ಮೇಲು, ಯಾವುದು ಕೀಳು ಎಂದು ಹೋಲಿಸಲು ಅದು ಸಾಕು. ಮಣ್ಣಿನ ಪ್ರಮಾಣ ಬರೆಯಲು ಮಾತ್ರ ಬಳಸಬಾರದು.

ಈ ಹಂತದಲ್ಲಿ ಗೆರೆ ಎಲ್ಲಿ ಹೋಗಬೇಕು ಎನ್ನುವುದಕ್ಕಿಂತ ಎಲ್ಲಿ ಹೋಗಬಾರದು ಎನ್ನುವುದನ್ನು ಬಣ್ಣ ಹಚ್ಚಿ ಗುರುತು ಮಾಡಿಕೊಳ್ಳುವುದು ಲೇಸು. ಕೆರೆಯಂಗಳ, ಅರಣ್ಯ, ಸ್ಮಶಾನ, ಶಾಲೆ, ಆಸ್ಪತ್ರೆ. ಹಾಸನದ ಸುತ್ತ ಹೊಯ್ಸಳರ ಗುಡಿಗಳೂ ಇವೆ. ಕೊರವಂಗಲದ ಬೂಚೇಶ್ವರ, ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಬಣ್ಣ ಹಚ್ಚಿ ಮುಗಿದಾಗ ಉಳಿಯುವ ಬಿಳಿ ಜಾಗದಲ್ಲಿ ಎರಡು ಮೂರು ಓಣಿಗಳಷ್ಟೇ ಇರುತ್ತವೆ. ನಮಗೆ ಉಳಿದದ್ದು ಮೂರು: ತಗ್ಗಿನ ನೇರ ಗೆರೆ, ದಿಣ್ಣೆಯ ಮೇಲಿನ ಗೆರೆ, ಹಳೆಯ ಬಂಡಿದಾರಿ ಹಿಡಿದ ಗೆರೆ.

ನೀರು

ಹಾಸನದ ನೆಲದಲ್ಲಿ ಕೆರೆ ಒಂಟಿಯಾಗಿರುವುದು ಅಪರೂಪ. ಮೇಲಿನ ಕೆರೆಯ ಕೋಡಿ ನೀರು ಹಳ್ಳವಾಗಿ ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ, ಕೊನೆಗೆ ಯಗಚಿಗೋ ಹೇಮಾವತಿಗೋ. ರಸ್ತೆ ಈ ಸಾಲನ್ನು ಅಡ್ಡ ಹಾಯಲೇಬೇಕು. ಎಲ್ಲಿ ಹಾಯುತ್ತದೆ ಎನ್ನುವುದರ ಮೇಲೆ ಅರ್ಧ ಖರ್ಚು ನಿಂತಿದೆ.

ಕೆರೆಯ ಮೇಲ್ಬದಿಯಲ್ಲಿ ಹಾದರೆ ನೀರು ಹತ್ತು ಕವಲಾಗಿ ಹರಡಿ ಬರುತ್ತದೆ, ಒಂದು ಮೋರಿಯಲ್ಲಿ ಮುಗಿಯುವುದಿಲ್ಲ. ಒಂದು ಕವಲಿಗೆ ಮೋರಿ ಬಿಟ್ಟುಹೋದರೂ ಕೆರೆಗೆ ಬರುವ ನೀರು ಕಡಿಮೆಯಾಗಿ ಕೆಳಗಿನ ಅಚ್ಚುಕಟ್ಟಿನವರು ಕಚೇರಿಗೆ ಬರುತ್ತಾರೆ, ಬರಬೇಕಾದದ್ದೇ. ಏರಿಯ ಕೆಳಗೆ ಹಾದರೆ ಗದ್ದೆ. ಏರಿಯ ಮೇಲೆಯೇ ರಸ್ತೆ ಮಾಡೋಣ, ಜಾಗ ಸರ್ಕಾರದ್ದೇ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಏರಿಯ ತಲೆಯ ಅಗಲ ಮೂರು ನಾಲ್ಕು ಮೀಟರ್. ಅದನ್ನು ಮೂವತ್ತಕ್ಕೆ ಅಗಲಿಸಲು ಒಂದೋ ಕೆರೆಯೊಳಗೆ ಮಣ್ಣು ತುಂಬಬೇಕು, ಇಲ್ಲವೇ ಹೊರಬದಿಯ ತೂಬಿನ ಬಾಯಿ ಮುಚ್ಚಬೇಕು. ಭಾರದ ಲಾರಿ ಓಡಲೆಂದು ಕಟ್ಟಿದ ಏರಿಯೂ ಅದಲ್ಲ. ಒಳಗೆ ಜಿನುಗುವ ನೀರಿಗೆ ಹೊರಹೋಗಲು ದಾರಿ ಬೇಕು.

ಸರಿಯಾದ ಜಾಗ ಎರಡು. ಒಂದು, ಕೋಡಿಹಳ್ಳ ಒಂದೇ ಪಾತ್ರದಲ್ಲಿ ಗಟ್ಟಿ ದಡಗಳ ನಡುವೆ ಹರಿಯುವ ಕಡೆ, ಹಳ್ಳಕ್ಕೆ ಲಂಬವಾಗಿ. ಇನ್ನೊಂದು, ಎರಡು ಕೆರೆ ಸಾಲುಗಳ ನಡುವಿನ ದಿಣ್ಣೆ. ದಿಣ್ಣೆಯ ನೆತ್ತಿಯಲ್ಲಿ ಹೋದರೆ ನೀರು ಎರಡೂ ಬದಿಗೆ ಇಳಿದುಹೋಗುತ್ತದೆ, ಮೋರಿಯ ಕೆಲಸವೇ ಕಡಿಮೆ. ಮಣ್ಣೂ ಗರಸು ಬೆರೆತ ಕೆಂಪು, ಗಟ್ಟಿ.

ಮೋರಿಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. 60 ಹೆಕ್ಟೇರ್ ಹೊಲದ ನೀರು ಒಂದು ಹಳ್ಳಕ್ಕೆ ಬರುತ್ತದೆ ಎನ್ನಿ. ಗಂಟೆಗೆ 60 ಮಿ.ಮೀ. ಬಿರುಸಿನ ಮಳೆ, ಹೊಲಕ್ಕೆ ಹರಿವಿನ ಗುಣಾಂಕ (ಸುರಿದ ಮಳೆಯಲ್ಲಿ ಇಂಗದೆ ಹರಿದು ಬರುವ ಪಾಲು) 0.4. ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ 4 ಘನ ಮೀಟರ್. ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಇದ್ದರೆ 2 ಚದರ ಮೀಟರ್ ಕಂಡಿ ಬೇಕು, 1.2 ಮೀಟರ್ ವ್ಯಾಸದ ಎರಡು ಸಾಲು ಪೈಪಿನಲ್ಲಿ ಕೆಲಸ ಮುಗಿಯಿತು ಎನಿಸುತ್ತದೆ. ಮುಗಿಯುವುದಿಲ್ಲ. ರಸ್ತೆ ಬಂದ ಐದಾರು ವರ್ಷದಲ್ಲಿ ಆ 60 ಹೆಕ್ಟೇರ್ ಲೇಔಟಾಗುತ್ತದೆ. ಸಿಮೆಂಟು ಮತ್ತು ತಾರಸಿ ಬಂದ ಮೇಲೆ ಗುಣಾಂಕ 0.7, ಅದೇ ಮಳೆಗೆ ಅದೇ ಹಳ್ಳದಲ್ಲಿ 7 ಘನ ಮೀಟರ್. ಆಗ ಮೂರೂವರೆ ಚದರ ಮೀಟರ್ ಕಂಡಿ ಬೇಕು, ಅಂದರೆ 2.5 ಮೀಟರ್ ಅಗಲ 1.5 ಮೀಟರ್ ಎತ್ತರದ ಬಾಕ್ಸ್ ಮೋರಿ. ಇಂದಿನ ಹೊಲ ನೋಡಿ ಪೈಪು ಹಾಕಿದವರ ರಸ್ತೆಯೇ ಮುಂದೆ ಏರಿಯಾಗಿ ನಿಂತು ಮೇಲಿನ ಲೇಔಟನ್ನು ಮುಳುಗಿಸುವುದು. ಒಂದು ಮೀಟರಿಗಿಂತ ಕಡಿಮೆ ವ್ಯಾಸದ ಪೈಪಂತೂ ಬೇಡವೇ ಬೇಡ, ಒಳಗೆ ಹೋಗಿ ಹೂಳು ತೆಗೆಯಲು ಆಗುವುದಿಲ್ಲ.

ತಗ್ಗಿನ ಗೆರೆಗೆ ಇನ್ನೊಂದು ಹೊಡೆತ ಮಣ್ಣಿನದು. ನಮ್ಮ ನೇರ ಗೆರೆ 1.2 ಕಿಲೋಮೀಟರ್ ಗದ್ದೆಬಯಲಿನಲ್ಲಿ ಹೋಗುತ್ತಿತ್ತು. ರಸ್ತೆಯ ಹಾಸಿನ ಕೆಳಗಿನ ಅರ್ಧ ಮೀಟರ್ ಸಬ್‌ಗ್ರೇಡಿನ ತಳ, ನೀರು ನಿಲ್ಲುವ ಗರಿಷ್ಠ ಮಟ್ಟಕ್ಕಿಂತ 0.6ರಿಂದ 1 ಮೀಟರ್ ಮೇಲಿರಬೇಕು. ಹಾಗಾಗಿ ಅಲ್ಲಿ ಸರಾಸರಿ ಎರಡೂವರೆ ಮೀಟರ್ ಏರಿಸಬೇಕಾಯಿತು. ಏರಿಸಿದ ಮಣ್ಣು ನೆಟ್ಟಗೆ ನಿಲ್ಲುವುದಿಲ್ಲ, ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರಿನಂತೆ ಎರಡೂ ಬದಿಗೆ ಚಾಚುತ್ತದೆ. ಮೇಲೆ 30 ಮೀಟರ್ ಇದ್ದರೆ ಬುಡದಲ್ಲಿ 40. ಮಣ್ಣಿನ ಲೆಕ್ಕ 1,05,000 ಘನ ಮೀಟರ್, ಹತ್ತು ಘನ ಮೀಟರಿನ ಟಿಪ್ಪರಿನಲ್ಲಿ ಹತ್ತು ಸಾವಿರ ಲೋಡು ದಾಟುತ್ತದೆ. ನಕ್ಷೆಯಲ್ಲಿ 30 ಮೀಟರ್ ಎಂದು ಬರೆದು ಅಷ್ಟಕ್ಕೇ ಭೂಸ್ವಾಧೀನದ ಪ್ರಸ್ತಾವ ಕಳಿಸಿದರೆ ಆ ಉಳಿದ ಹತ್ತು ಮೀಟರಿಗೆ, ಅಂದರೆ ಸುಮಾರು ಮೂರು ಎಕರೆಗೆ, ಕೆಲಸ ಶುರುವಾದ ಮೇಲೆ ಮತ್ತೆ ಅಧಿಸೂಚನೆ ಹೊರಡಿಸಬೇಕಾಗುತ್ತದೆ. ಇದು ಬಹಳ ಕಡೆ ಆಗುವ ಎಡವಟ್ಟು. 'ಕೆರೆ ಹೂಳೆತ್ತಿ ಅದನ್ನೇ ಹಾಕಿ' ಎನ್ನುವವರೂ ಇದ್ದಾರೆ. ಹೂಳು ತೋಟಕ್ಕೆ ಚಿನ್ನ, ರಸ್ತೆಗೆ ಕೆಸರು.

ಕಾಲ್ನಡಿಗೆ

ಮೂರೂ ಗೆರೆಗಳನ್ನು ನಡೆದೇ ನೋಡಬೇಕು, ಅದೂ ಎರಡು ಋತುಗಳಲ್ಲಿ. ಬೇಸಿಗೆಯಲ್ಲಿ ಬೆಳೆ ಇರುವುದಿಲ್ಲ, ಜಮೀನಿನವರಿಗೆ ನಷ್ಟವಿಲ್ಲದೆ ಲೆವೆಲ್ ತೆಗೆಯಬಹುದು. ನೀರಿನ ನಿಜ ಮಾತ್ರ ಮಳೆಗಾಲದಲ್ಲೇ ತಿಳಿಯುವುದು. 'ಮಳೆಗಾಲ್ದಲ್ಲಿ ಬಂದ್ ನೋಡಿ ಸಾ, ಈ ಬದುವಿನ್ ಮೇಲೆ ನೀರ್ ಹರೀತದೆ' ಎಂದು ಗದ್ದೆಯವರು ಹೇಳುವ ಮಾತನ್ನು ಚೈನೇಜಿನ (ಗೆರೆಯ ಆರಂಭದಿಂದ ಆ ಜಾಗಕ್ಕಿರುವ ದೂರ) ಜೊತೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಪಂಪ್‌ಸೆಟ್ ಮನೆಯ ಗೋಡೆಯಲ್ಲಿ, ಕರೆಂಟ್ ಕಂಬದಲ್ಲಿ ಕೆಸರಿನ ಗೆರೆ ಉಳಿದಿದ್ದರೆ ಅಲ್ಲೇ ಸ್ಟಾಫ್ (ಅಳತೆಯ ಪಟ್ಟಿ) ಹಿಡಿದು ಲೆವೆಲ್ ತೆಗೆದರೆ ನೆರೆ ಮಟ್ಟ ಸಿಕ್ಕಂತೆ.

ಕಣ್ಣಿಟ್ಟು ನೋಡಿದರೆ ನೆಲವೇ ಸುಮಾರು ಹೇಳುತ್ತದೆ. ಏಪ್ರಿಲ್ಲಿನಲ್ಲೂ ಜೊಂಡು ಹಸಿರಾಗಿದ್ದರೆ, ಬದುವಿನ ಬುಡದಲ್ಲಿ ಹೆಬ್ಬೆರಳು ತೂರುವಷ್ಟು ಏಡಿ ಬಿಲಗಳಿದ್ದು ಬಾಯಲ್ಲಿ ಒದ್ದೆ ಮಣ್ಣಿನ ಉಂಡೆಗಳು ಬಿದ್ದಿದ್ದರೆ ನೀರು ಮೊಳದ ಆಳದಲ್ಲೇ ಇದೆ. ಹುತ್ತಗಳು ಸಾಲಾಗಿ ಎದ್ದಿರುವ ದಿಣ್ಣೆಯಲ್ಲಿ ನೀರು ನಿಲ್ಲುವುದಿಲ್ಲ. ಇದನ್ನು ನಂಬಿ ವಿನ್ಯಾಸ ಮಾಡಬೇಕಿಲ್ಲ, ಪರೀಕ್ಷೆಯ ಗುಂಡಿ ಎಲ್ಲಿ ತೋಡಬೇಕೆಂದು ತೀರ್ಮಾನಿಸಲು ಸಾಕು. ಒಂದು ಮೀಟರ್ ಚೌಕ, ಒಂದೂವರೆ ಮೀಟರ್ ಆಳದ ಗುಂಡಿ. ಮಣ್ಣು ಬದಲಾದ ಕಡೆಯೆಲ್ಲ ಒಂದು. ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ ಸಿಬಿಆರ್, ಅಂದರೆ ಮಣ್ಣಿನ ಭಾರ ತಡೆಯುವ ಬಲದ ಅಂಕಿ, ನೋಡಬೇಕು. ಗದ್ದೆಯ ಜೇಡಿಯಲ್ಲಿ ಎರಡು ಮೂರು ಬಂದರೆ ಹೆಚ್ಚು, ಭಾರದ ಗಾಡಿ ಓಡುವ ರಸ್ತೆಯ ಸಬ್‌ಗ್ರೇಡಿಗೆ ಕನಿಷ್ಠ ಐದು ಬೇಕು. ಬೇಗ ಮುಗಿಸಲೆಂದು ಒಣ ಮಾದರಿಯನ್ನೇ ಒತ್ತಿ ನೋಡಿ ಹತ್ತು ಹನ್ನೆರಡು ಎಂದು ಬರೆದ ವರದಿಗಳೂ ಇರುತ್ತವೆ. ಆ ರಸ್ತೆಗಳು ಎರಡನೇ ಮಳೆಗಾಲಕ್ಕೆ ಹಳ್ಳ ಬೀಳುತ್ತವೆ.

ಹಳಿ, ಕೊಳವೆ, ತಂತಿ

ರೈಲು ಹಳಿಯನ್ನು ಗೇಟು ಹಾಕಿ ದಾಟುವ ಯೋಚನೆ ಈಗ ಬೇಡ, ಮೇಲ್ಸೇತುವೆಯೇ. ವಿದ್ಯುತ್ ಮಾರ್ಗವಾದರೆ ಹಳಿಯಿಂದ ಗರ್ಡರಿನ ತಳಕ್ಕೆ ಆರೂವರೆ ಮೀಟರಿಗೂ ಕೊಂಚ ಹೆಚ್ಚು ತೆರವು ಬೇಕು. ಗರ್ಡರು ಸ್ಲ್ಯಾಬು ಸೇರಿ ರಸ್ತೆಯ ಮಟ್ಟ ಹಳಿಗಿಂತ ಎಂಟೂವರೆ ಮೀಟರ್ ಮೇಲೆ ಹೋಗುತ್ತದೆ. ಮೂವತ್ತಕ್ಕೆ ಒಂದರ ಏರಿನಲ್ಲಿ ಪ್ರತಿ ಬದಿಗೂ 255 ಮೀಟರ್ ಏರುದಾರಿ. ಹಳಿ ನಾಲ್ಕು ಮೀಟರ್ ಆಳದ ಕಡಿತದಲ್ಲಿ ಹೋಗುವ ಕಡೆ ದಾಟಿದರೆ ಎತ್ತರ ನಾಲ್ಕೂವರೆಗೆ ಇಳಿಯುತ್ತದೆ, ಏರುದಾರಿ 135 ಮೀಟರಿಗೆ. ಇಂಥ ಒಂದು ಕಡಿತ ಸಿಕ್ಕಿದರೆ ಅದನ್ನು ಹಿಡಿಯಲು ಗೆರೆಯನ್ನು ಮುನ್ನೂರು ನಾನೂರು ಮೀಟರ್ ಸರಿಸಿದರೂ ಲಾಭವೇ. ದಿಣ್ಣೆಯನ್ನು ಹಳಿ ಕೊರೆದುಕೊಂಡು ಹೋಗುವುದು ಸಹಜವಾದ್ದರಿಂದ ದಿಣ್ಣೆಯ ಗೆರೆಗೇ ಇಂಥ ಜಾಗ ಸಿಗುವುದು ಹೆಚ್ಚು. ಸೇತುವೆಯ ನಕ್ಷೆಗೆ ರೈಲ್ವೆಯ ಒಪ್ಪಿಗೆ ಬೇಕು. ಅದಕ್ಕೆ ಹಿಡಿಯುವ ಕಾಲವನ್ನು ಹೋಲಿಕೆಯಲ್ಲಿ ಬರೆಯದಿದ್ದರೆ ಎರಡೂ ಕಡೆ ರಸ್ತೆ ಮುಗಿದು ನಡುವೆ ಹಳಿ ಉಳಿಯುತ್ತದೆ.

ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಕೊಳವೆ ಮಾರ್ಗ ಈ ಭಾಗದ ಹೊಲಗಳ ಅಡಿಯಲ್ಲಿ ಹಾದುಹೋಗಿದೆ. ಗುರುತಿನ ಕಂಬಗಳು ಹೊಲದ ಅಂಚಿನಲ್ಲಿ ನಿಂತಿರುತ್ತವೆ. 1962ರ ಕಾಯ್ದೆಯಂತೆ ಅದು ಹಾದುಹೋದ ನೆಲದ ಪಟ್ಟಿಯಲ್ಲಿ ಕಟ್ಟಡ, ಬಾವಿ, ಮರ ಯಾವುದೂ ಸಲ್ಲದು. ರಸ್ತೆ ಅದನ್ನು ಲಂಬವಾಗಿ ದಾಟಬಹುದು, ಅದರ ಉದ್ದಕ್ಕೂ ಮೇಲೆ ಹೋಗುವಂತಿಲ್ಲ. ಹೈಟೆನ್ಷನ್ ತಂತಿಯ ವಿಷಯದಲ್ಲಿ ಒಂದು ಸೂಕ್ಷ್ಮ: ಎರಡು ಟವರಿನ ನಟ್ಟ ನಡುವೆ ತಂತಿ ಹೆಚ್ಚು ಜೋತಿರುತ್ತದೆ. ಅಲ್ಲೇ ರಸ್ತೆಯನ್ನು ಮೂರು ಮೀಟರ್ ಏರಿಸಿದರೆ ತೆರವು ಸಾಲದೆ ಟವರನ್ನೇ ಎತ್ತರಿಸಬೇಕಾಗುತ್ತದೆ. ಏರಿಸಿದ ರಸ್ತೆ ಟವರಿನ ಹತ್ತಿರದಲ್ಲಿ, ಬುಡಕ್ಕೆ ತಾಕದಂತೆ ದಾಟಲಿ.

ಪಹಣಿ

ನೆಲದ ಲೆಕ್ಕ ಮುಗಿದ ಮೇಲೆ ಕಾಗದದ ನೆಲ. ದಿಶಾಂಕ್ ಆಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ, ಮೊದಲ ಅಂದಾಜಿಗೆ ಅದು ಸಾಕು. ಆಮೇಲೆ ಗ್ರಾಮ ನಕ್ಷೆ, ಟಿಪ್ಪಣಿ (ಪ್ರತಿ ಸರ್ವೆ ನಂಬರಿನ ಅಳತೆಯ ದಾಖಲೆ), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ), ಪಹಣಿ. ಮೈಲಿಗೆ ಎಂಟು ಇಂಚಿನ ಗ್ರಾಮ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ ನಾಲ್ಕು ಮೀಟರ್. ಒಂದು ಕಿಲೋಮೀಟರ್ ಉದ್ದಕ್ಕೆ ಅದು ಹತ್ತಿರ ಹತ್ತಿರ ಒಂದು ಎಕರೆ. ಮಡಿಸಿ ಮಡಿಸಿ ಜಗ್ಗಿದ ಹಳೆಯ ಕಾಗದವನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದರೆ ಒಂದು ಮೂಲೆ ಸರಿಹೋದಾಗ ಇನ್ನೊಂದು ತಪ್ಪುತ್ತದೆ. ಹೊಲದಲ್ಲಿ ಬಾಂದು ಕಲ್ಲುಗಳನ್ನು ಹುಡುಕಿ, ಅವುಗಳ ಮೇಲೆ ಆರ್‌ಟಿಕೆ ಯಂತ್ರ (ಉಪಗ್ರಹದ ನೆರವಿನಿಂದ ಜಾಗವನ್ನು ಕರಾರುವಾಕ್ಕಾಗಿ ಹೇಳುವ ಸಾಧನ) ಇಟ್ಟು ನಕ್ಷೆಯನ್ನು ಅವಕ್ಕೆ ಕಟ್ಟಬೇಕು. ಮೂರು ಗಡಿ ಸೇರುವ ಕಲ್ಲುಗಳೇ ಹೆಚ್ಚು ನಂಬಿಕೆಯವು, ಅವನ್ನು ಸರಿಸಲು ಮೂವರೂ ಒಪ್ಪಬೇಕಲ್ಲ.

ಪಹಣಿಯಲ್ಲಿ ಒಂಬತ್ತನೇ ಕಾಲಂನ ಹೆಸರಿಗಿಂತ ಹನ್ನೊಂದನೇ ಕಾಲಂ ಮುಖ್ಯ: ಅಡಮಾನ, ತಕರಾರು, ನ್ಯಾಯಾಲಯದ ಆದೇಶ ಅಲ್ಲಿರುತ್ತವೆ. ದರಖಾಸ್ತಿನಲ್ಲಿ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಡಿ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ವ್ಯಾಜ್ಯವಿದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಪರಿಹಾರ ಯಾರಿಗೆ ಎಂಬಲ್ಲಿಗೇ ಕಡತ ನಿಲ್ಲುತ್ತದೆ. ಪೋಡಿಯಾಗದ, ಅಂದರೆ ಅಳೆದು ಪಾಲು ಬೇರೆ ಮಾಡದ ನಂಬರು ಇನ್ನೊಂದು ತಲೆನೋವು. ಐದು ಎಕರೆಯಲ್ಲಿ ಆರು ಜನ ಜಂಟಿ, ಯಾರ ತುಂಡು ಎಲ್ಲಿದೆ ಎಂಬುದು ಬಾಯಿಮಾತಿನಲ್ಲಿ ಮಾತ್ರ. ಬಿ ಕರಾಬು (ದಾರಿ, ಹಳ್ಳದಂಥ ಸಾಗುವಳಿಗಲ್ಲದ ನೆಲ) ಎಂದಿದ್ದರೆ ಅದು ಸಾರ್ವಜನಿಕ, ಪರಿಹಾರವಿಲ್ಲ. ನಕಾಶೆಯಲ್ಲಿ ಕಾಣುವ ಬಂಡಿದಾರಿಯೂ ಹಾಗೆಯೇ. ಆದರೆ ಅದು ಸರ್ಕಾರದ್ದೆಂದು ಲೆಕ್ಕ ಹಾಕಿ ಹೋದರೆ ಅಲ್ಲೀಗ ಶುಂಠಿ ಮಡಿ ಇರುತ್ತದೆ.

ಎಕರೆ ಲೆಕ್ಕಕ್ಕಿಂತ ತುಂಡುಗಳ ಲೆಕ್ಕ ನೋಯಿಸುವಂಥದ್ದು. 20 ಗುಂಟೆಯ ಹೊಲವನ್ನು ಗೆರೆ ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ಬದಿಗೆ ಮೂರು ಗುಂಟೆಯ ಎರಡು ತ್ರಿಕೋನ ಉಳಿಯುತ್ತವೆ, ಉಳಲು ಬರುವುದಿಲ್ಲ, ಒಂದಕ್ಕೆ ದಾರಿಯೂ ಇರುವುದಿಲ್ಲ. ಬೋರ್‌ವೆಲ್ ಒಂದು ಕಡೆ, ತೋಟ ಇನ್ನೊಂದು ಕಡೆಯಾದರೆ ರಸ್ತೆಯಡಿ ಪೈಪು ದಾಟಿಸಲು ಮೊದಲೇ ಕೊಳವೆ ಇಡಬೇಕು. ಹೀಗೆ ಸೀಳಿದ್ದಕ್ಕೆ ಆದ ನಷ್ಟವನ್ನೂ ಪರಿಹಾರದಲ್ಲಿ ಸೇರಿಸಬೇಕೆಂದು 2013ರ ಭೂಸ್ವಾಧೀನ ಕಾಯ್ದೆಯ 28ನೇ ಕಲಂ ಹೇಳುತ್ತದೆ. ಮನೆಯ ಒಂದು ಭಾಗ ಮಾತ್ರ ಹೋಗುವುದಾದರೆ, ಮಾಲೀಕರು ಬಯಸಿದಲ್ಲಿ, ಪೂರ್ತಿ ಮನೆಯನ್ನೇ ತೆಗೆದುಕೊಳ್ಳಬೇಕು ಎನ್ನುತ್ತದೆ 94ನೇ ಕಲಂ. ಹಾಗಾಗಿ ಗೆರೆಯನ್ನು ಹತ್ತಿಪ್ಪತ್ತು ಮೀಟರ್ ಜರುಗಿಸಿ ಹೊಲದ ಬದುವಿಗೆ ಸಮನಾಗಿ ತರುವ ಕೆಲಸಕ್ಕೆ ಎಷ್ಟು ಸಮಯ ಕೊಟ್ಟರೂ ದಂಡವಲ್ಲ. ತಿರುವಿನ ತ್ರಿಜ್ಯ 150 ಇರುವುದನ್ನು 250 ಮಾಡಿ ಆಡಲು ಜಾಗ ಸಿಗುವುದೂ ಇಲ್ಲೇ.

ಮೂರು ಗೆರೆ, ಒಂದೇ ತಕ್ಕಡಿ

ನೇರ ಗೆರೆ 5.4 ಕಿಲೋಮೀಟರ್. ಜಮೀನು 40 ಎಕರೆ, ಗದ್ದೆಯ ಏರಿಕೆಯ ಬುಡಕ್ಕೆ ಇನ್ನೂ ಮೂರು, ಒಟ್ಟು 43. ದಿಣ್ಣೆಯದು 6.1 ಕಿಲೋಮೀಟರ್, 45 ಎಕರೆ ಚಿಲ್ಲರೆ. ಬಂಡಿದಾರಿಯದು 5.8 ಕಿಲೋಮೀಟರ್, 43 ಎಕರೆ. ಅದರಲ್ಲಿ ಎರಡೂವರೆ ಕಿಲೋಮೀಟರ್ ಉದ್ದಕ್ಕೆ ಹತ್ತು ಮೀಟರಿನಂತೆ ಆರು ಎಕರೆ ಈಗಾಗಲೇ ಸಾರ್ವಜನಿಕ, ಖಾಸಗಿಯವರದ್ದು ಸುಮಾರು 37. ದಿಣ್ಣೆಯದಕ್ಕೆ ಹೋಲಿಸಿದರೆ ನೇರ ಗೆರೆಯಿಂದ ಏಳುನೂರು ಮೀಟರ್ ಉಳಿದರೂ ಜಮೀನಿನಲ್ಲಿ ಉಳಿದದ್ದು ಎರಡು ಎಕರೆ ಚಿಲ್ಲರೆ ಮಾತ್ರ. ಅದಕ್ಕೆ ಎದುರಾಗಿ ಒಂದು ಲಕ್ಷ ಘನ ಮೀಟರ್ ಮಣ್ಣು. ಇಷ್ಟು ಬರೆದಿಟ್ಟ ಮೇಲೆ ಆ ಗೆರೆಯ ಪರ ಯಾರೂ ಮಾತಾಡಲಿಲ್ಲ.

ಆದರೂ ಉದ್ದಕ್ಕೆ ಬೆಲೆಯಿಲ್ಲ ಎಂದಲ್ಲ. 700 ಮೀಟರ್ ಹೆಚ್ಚು ಎಂದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ನಿಮಿಷ. ದಿನಕ್ಕೆ 8,000 ವಾಹನ ಓಡಿದರೆ 5,600 ಕಿಲೋಮೀಟರ್ ಹೆಚ್ಚುವರಿ ಓಟ, ಪ್ರತಿದಿನ, ರಸ್ತೆ ಇರುವವರೆಗೂ. ಕಟ್ಟುವ ಖರ್ಚಿನ ಪಕ್ಕದಲ್ಲಿ ಈ ಇಂಧನದ ಲೆಕ್ಕವನ್ನೂ ಇಡದಿದ್ದರೆ ಹೋಲಿಕೆ ಪ್ರಾಮಾಣಿಕವಲ್ಲ. ನಮ್ಮಲ್ಲಿ ಮಣ್ಣು, ಮೋರಿ, ಮೇಲ್ಸೇತುವೆಯ ಉಳಿತಾಯ ಅದನ್ನು ಮೀರಿಸಿತು. ಎಲ್ಲ ಕಡೆ ಹೀಗೇ ಆಗಬೇಕೆಂದಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ದಿಣ್ಣೆಗೂ ಬಂಡಿದಾರಿಗೂ. ಜಮೀನಿನಲ್ಲಿ ಬಂಡಿದಾರಿ ಅಗ್ಗ, ಆದರೆ ನಡುವೆ ಹಳ್ಳಿಯ ಮನೆಗಳು, ಶಾಲೆ. ಅಂಕ ಕೊಡುವ ಪದ್ಧತಿ ಇಲ್ಲಿ ಎಚ್ಚರ ಬೇಡುತ್ತದೆ. ಖರ್ಚಿಗೆ ಇಷ್ಟು, ಮನೆ ಕಳೆದುಕೊಳ್ಳುವವರಿಗೆ ಇಷ್ಟು, ನೀರಿಗೆ ಇಷ್ಟು, ಸಂಚಾರಕ್ಕೆ ಇಷ್ಟು ಎಂಬ ತೂಕಗಳನ್ನು ಗೆರೆಗಳ ಅಂಕಿಅಂಶ ನೋಡುವ ಮೊದಲೇ ಬರೆದು ಸಹಿ ಮಾಡಿಸಿಡಬೇಕು. ಅಂಕ ನೋಡಿ ತೂಕ ಹಾಕಿದರೆ ಬೇಕಾದ ಗೆರೆಯನ್ನೇ ಗೆಲ್ಲಿಸಬಹುದು. ಗೆಲ್ಲಿಸಿದ್ದಾರೆ ಕೂಡ. ಆಮೇಲೆ ತೂಕಗಳನ್ನು ಐದೈದು ಅಂಕ ಆಚೀಚೆ ಮಾಡಿ ನೋಡಬೇಕು. ಸ್ಥಾನ ಬದಲಾದರೆ ಎರಡೂ ಸಮ ಎಂದೇ ಅರ್ಥ, ಆಗ ಅಂಕ ಬಿಟ್ಟು ಮತ್ತೆ ನೆಲಕ್ಕೆ ಹೋಗಬೇಕು. ಇಲ್ಲಿ ಆದದ್ದೂ ಅದೇ. ಹಳ್ಳಿ ಬರುವವರೆಗಿನ ಮೊದಲ ಒಂದೂವರೆ ಕಿಲೋಮೀಟರ್ ಬಂಡಿದಾರಿಯನ್ನೇ ಹಿಡಿದು, ಅಲ್ಲಿಂದ ದಿಣ್ಣೆಗೆ ಹತ್ತಿಸಿದ ನಾಲ್ಕನೇ ಗೆರೆ ಎರಡಕ್ಕಿಂತಲೂ ವಾಸಿಯಾಯಿತು.

ತುದಿಗಳ ಬಗ್ಗೆ ಒಂದು ಮಾತು. ಹೆದ್ದಾರಿಯ ತಿರುವಿನ ಒಳಬದಿಯಲ್ಲಿ ಅಥವಾ ದಿಣ್ಣೆಯ ನೆತ್ತಿಯಾಚೆ ಹೊಸ ರಸ್ತೆ ಕೂಡಿದರೆ ಎರಡೂ ಕಡೆಯವರಿಗೆ ಕಾಣುವುದಿಲ್ಲ. ಲಂಬಕ್ಕೆ ಹತ್ತಿರದ ಕೋನದಲ್ಲಿ, ನೇರ ಭಾಗದಲ್ಲಿ ಕೂಡಿಸಿ. ಆ ಕೂಡುವ ಜಾಗಕ್ಕೆ 30 ಮೀಟರ್ ಸಾಲದು, ಮೂಲೆಗಳಲ್ಲಿ ಹೆಚ್ಚುವರಿ ಜಮೀನನ್ನು ಈಗಲೇ ಸೇರಿಸಬೇಕು. ರಸ್ತೆ ಬಂದ ಮೇಲೆ ಮೂಲೆಯಲ್ಲಿ ಮೊದಲು ಏಳುವುದು ಬೇಕರಿ. ರಾಷ್ಟ್ರೀಯ ಹೆದ್ದಾರಿಗೆ ಸೇರಿಸಲು ಹೆದ್ದಾರಿ ನೋಡಿಕೊಳ್ಳುವವರ ಅನುಮತಿಯೂ ಬೇಕು.

ಗೆರೆ ನಿಂತ ಮೇಲೆ 20 ಮೀಟರಿಗೊಂದು ಅಡ್ಡ ಛೇದ ತೆಗೆದು, ಬೆಂಚ್‌ಮಾರ್ಕುಗಳನ್ನು (ಎತ್ತರ ಗೊತ್ತಿರುವ ಗುರುತುಗಳು) ಕೆಲಸದಲ್ಲಿ ಕಿತ್ತುಹೋಗದ ಕಡೆ, ಮೋರಿಯ ರೆಕ್ಕೆಗೋಡೆ ಅಥವಾ ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ಗುರುತಿಸಬೇಕು. ಜಮೀನಿಗೆ ಕಂದಾಯ ಇಲಾಖೆಯ ಸರ್ವೇಯರ್ ಜೊತೆ ಜಂಟಿ ಮೋಜಣಿ (ಅಳತೆ). 2013ರ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಆರು ತಿಂಗಳು. ಕಲಂ 11ರ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆಗೆ 60 ದಿನ. ಹನ್ನೆರಡು ತಿಂಗಳೊಳಗೆ ಕಲಂ 19ರ ಘೋಷಣೆ, ಅಲ್ಲಿಂದ ಹನ್ನೆರಡು ತಿಂಗಳೊಳಗೆ ಐತೀರ್ಪು (ಪರಿಹಾರ ನಿಗದಿಯ ಆದೇಶ). ಕಲಂ 11 ಆದಮೇಲೆ ಆ ಸರ್ವೆ ನಂಬರುಗಳಲ್ಲಿ ಕ್ರಯ ವಿಕ್ರಯ ನಿಲ್ಲುತ್ತದೆ. ಅದಕ್ಕಾಗಿ ಚೈನೇಜುವಾರು ಪಟ್ಟಿಯಲ್ಲಿ ಹಿಸ್ಸಾ ನಂಬರು ತಪ್ಪದಂತೆ ಇಬ್ಬರು ಬೇರೆಬೇರೆಯಾಗಿ ಓದಿ ತಾಳೆ ನೋಡಬೇಕು. 45/2 ಇರಬೇಕಾದ ಕಡೆ 45/3 ಎಂದು ಅಚ್ಚಾದರೆ ರಸ್ತೆಗೆ ಸಂಬಂಧವೇ ಇಲ್ಲದವರ ಜಮೀನು ಕಟ್ಟಿಬೀಳುತ್ತದೆ, ಬೇಕಾದದ್ದು ಮಾರಾಟವಾಗಿ ಹೋಗಿರುತ್ತದೆ. ಕೈಬಿಟ್ಟ ಗೆರೆಗಳ ನಕ್ಷೆ, ಲೆವೆಲ್ ಪುಸ್ತಕ, ತೂಕಪಟ್ಟಿಯ ಸಹಿ ಮಾಡಿದ ಪ್ರತಿ, ಗದ್ದೆಯವರ ಹೇಳಿಕೆ ಬರೆದುಕೊಂಡ ಪುಟಗಳು ಇವೆಲ್ಲ ಡಿಪಿಆರ್‌ನ (ವಿವರವಾದ ಯೋಜನಾ ವರದಿ) ಅನುಬಂಧದಲ್ಲಿ ಇರಲಿ. 'ನನ್ನ ಜಮೀನಿನ ಮೇಲೇ ಯಾಕೆ' ಎಂಬ ಪ್ರಶ್ನೆ ಆಕ್ಷೇಪಣೆಯ ವಿಚಾರಣೆಯಲ್ಲೂ ನ್ಯಾಯಾಲಯದಲ್ಲೂ ಬರುತ್ತದೆ, ಉತ್ತರ ಆ ಪುಟಗಳಲ್ಲಿರುತ್ತದೆ.